ಮೂವತ್ತೆರಡು ಎಂ.ಬಿ. ಡಿಸ್‌ಪ್ಲೇ ಮತ್ತು ಲೀಲಕ್ಕನ ಬೆರಳು

ಅಂಗಡಿಯ ಷಟರ್ ಕೊನೆಯ ಸಲ ಎಳೆದು ಎರಡು ವರ್ಷವಾಯಿತು. ಆದರೂ ಬಿ.ಸಿ.ರೋಡಿನ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಯಾರಾದರೊಬ್ಬರು ಹತ್ತಿರ ಬಂದು, "ಹಮೀದಾಕ, ಆಫೀಸಿಗೊಂದು ಕಂಪ್ಯೂಟರ್ ಬೇಕಿತ್ತು, ಕಡಿಮೆಯಲ್ಲಿ ಯಾವುದು ತೆಗೆಯುವ?" ಎಂದು ಕೇಳುವುದು ನಿಂತಿಲ್ಲ. ಕೇಳದವರಿಗೂ ಹೇಳುವ ಅಭ್ಯಾಸ ನನಗಿದೆ. ನನ್ನ ಹೆಂಡತಿ ಅದನ್ನು ಕಾಯಿಲೆ ಎನ್ನುತ್ತಾಳೆ. ಈಗ ಸಿದ್ಧಕಟ್ಟೆಯಲ್ಲಿ ಒಬ್ಬರು, ಮೂಡಬಿದ್ರೆಯಲ್ಲಿ ಇಬ್ಬರು ಇದೇ ವ್ಯಾಪಾರಕ್ಕೆ ಹೊಸದಾಗಿ ಇಳಿದಿದ್ದಾರೆ. ಅವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯಲು ಕುಳಿತೆ. ಎಷ್ಟು ಕಂಪ್ಯೂಟರ್ ಮಾರಿದೆ, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಡುತ್ತೇನೆ. ಎಲ್ಲಿ ತಪ್ಪಿದೆ ಎಂಬುದು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನನ್ನ ಅಣ್ಣಂದಿರಿಬ್ಬರೂ ದುಬೈಗೆ ವಿಮಾನ ಹತ್ತಿದರು. ನಾನು ಬೆಳ್ತಂಗಡಿಗೆ ಬಸ್ ಹತ್ತಿದೆ. ತೊಂಬತ್ತರ ದಶಕದ ಶುರುವಿನಲ್ಲಿ ನನ್ನ ಕೆಲಸ ಟೈಪ್‌ರೈಟರ್ ರಿಬ್ಬನ್, ಕಾರ್ಬನ್ ಪೇಪರ್, ಸ್ಟೆನ್ಸಿಲ್ ಮಾರುವುದು. ಹೆಗಲಿಗೊಂದು ಕ್ಯಾನ್ವಾಸ್ ಚೀಲ. ಸೋಮವಾರ ಬಂಟ್ವಾಳ, ಬುಧವಾರ ಮೂಡಬಿದ್ರೆ, ಶುಕ್ರವಾರ ಜುಮಾ ಮುಗಿಸಿ ಬೆಳ್ತಂಗಡಿ. ವಕೀಲರ ಆಫೀಸು, ಸಹಕಾರಿ ಸಂಘ, ಶಾಲೆ, ಕೋರ್ಟಿನ ಎದುರು ಕೂರುವ ಟೈಪಿಸ್ಟರು, ಎಲ್ಲರೂ ನನ್ನ ಗಿರಾಕಿಗಳೇ. ಒಂದು ರಿಬ್ಬನ್ ತಗೊಳ್ಳುವವರಿಗೆ ಮೂರು ಹಿಡಿಸುವುದು ನನಗೆ ಗೊತ್ತಿತ್ತು. ಟೈಪ್ ಮಾಡುವುದು ಮಾತ್ರ ಗೊತ್ತಿರಲಿಲ್ಲ. ಇಂದಿಗೂ ಎರಡೇ ಬೆರಳು.

ರಿಬ್ಬನ್ ಕೇಳುವವರು ಕಡಿಮೆಯಾಗುತ್ತ ಬಂದಾಗ ನಾನು ಅಳುತ್ತ ಕೂರಲಿಲ್ಲ. ಮಂಗಳೂರಿಗೆ ಹೋಗಿ, ಕಂಪ್ಯೂಟರ್ ಜೋಡಿಸುವ ಒಬ್ಬರ ಹತ್ತಿರ ಕೆಲಸಕ್ಕೆ ಸೇರಿದೆ. ಧಣಿಗಳನ್ನು ನಾವು ಪೈ ಮಾಮ್ ಎನ್ನುತ್ತಿದ್ದೆವು. ಮೂಗಿನ ತುದಿಯಲ್ಲಿ ಕನ್ನಡಕ, ಅದರ ತುದಿಯಲ್ಲೇ ಕೋಪ. ಸಂಬಳದ ವಿಷಯದಲ್ಲಿ ಬಿಗಿ, ವಿದ್ಯೆಯ ವಿಷಯದಲ್ಲಿ ಸಡಿಲ. ಕಂಪ್ಯೂಟರಿನ ಪರದೆಯಲ್ಲಿ ಏನೂ ಬಾರದಿದ್ದರೆ ನಾವು ಸ್ಕ್ರೂಡ್ರೈವರಿಗೆ ಕೈ ಹಾಕುತ್ತಿದ್ದೆವು. ಅವರು ಕೈಗೆ ಹೊಡೆಯುತ್ತಿದ್ದರು. "ಮೊದಲು ಕಿವಿ ಕೊಡು ಮಾರಾಯ. ಅದು ಬೀಪ್ ಮಾಡ್ತಾ ಉಂಟು. ನಿನಗೆ ನೋವಾದರೆ ನೀನು ಸುಮ್ಮನೆ ಕೂರ್ತೀಯಾ?"

ಈ ಮಾತು ನಾರಾವಿಯಲ್ಲಿ ನನ್ನ ಮಾನ ಉಳಿಸಿತು. ಸ್ವಂತಕ್ಕೆ ವ್ಯಾಪಾರ ಶುರುಮಾಡಿದ ಹೊಸತು. ಆಗೆಲ್ಲ ಪರದೆಗೆ ಚಿತ್ರ ಕಳಿಸುವ ಡಿಸ್‌ಪ್ಲೇ ಕಾರ್ಡು ಮದರ್‌ಬೋರ್ಡಿನ ಮೇಲೆ ಬೇರೆಯಾಗಿ ಚುಚ್ಚಿ ಕೂರಿಸುವಂಥದ್ದು. ನಾರಾವಿಯ ಒಬ್ಬ ವ್ಯಾಪಾರಿಗೆ ಕಂಪ್ಯೂಟರ್ ಜೋಡಿಸಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿದ್ದೆ. ಆ ರಸ್ತೆಯ ಹೊಂಡಗಳನ್ನು ಒಂದೊಂದಾಗಿ ನನ್ನ ಮೊಣಕಾಲು ಲೆಕ್ಕ ಹಾಕಿತ್ತು. ಅಲ್ಲಿ ಸ್ವಿಚ್ ಹಾಕಿದರೆ ಪರದೆ ಕಪ್ಪು. ಒಳಗಿನಿಂದ ಒಂದು ಉದ್ದ ಬೀಪ್, ಎರಡು ಗಿಡ್ಡ.

"ಎಂತ ಹಮೀದ್ರೇ, ಇದಕ್ಕೆ ಹಾರ್ನ್ ಹಾಕ್ಲಿಕ್ಕೆ ಮಾತ್ರ ಬರುವುದಾ?" ಎಂದರು ವ್ಯಾಪಾರಿ. ಮನೆಮಂದಿಯೆಲ್ಲ ಸುತ್ತ ನಿಂತಿದ್ದರು.

ಆ ಬೀಪಿನ ಅರ್ಥ ಡಿಸ್‌ಪ್ಲೇ ಕಾರ್ಡ್ ಸಡಿಲ ಎಂದು. ಮುಚ್ಚಳ ತೆಗೆದು ಹೆಬ್ಬೆರಳಿನಿಂದ ಒತ್ತಿದೆ, ಬಂತು. ಅವರು ನಕ್ಕು, "ಇಷ್ಟಕ್ಕೆ ಹೆಬ್ಬೆರಳು ನನಗೂ ಉಂಟಲ್ಲ" ಎಂದರು.

ಹಾಗಾಗಿ ಡಿಸ್‌ಪ್ಲೇ ಮದರ್‌ಬೋರ್ಡಿನೊಳಗೇ ಇರುವ ಅಗ್ಗದ ಬೋರ್ಡುಗಳು ಬಂದಾಗ ನನಗೆ ಹಬ್ಬ. ಸಡಿಲವಾಗಲು ಕಾರ್ಡೇ ಇಲ್ಲ. ಬೆಲೆಯೂ ಇಳಿಯಿತು. ಪೈ ಮಾಮ್ ಮಾತ್ರ ತಲೆ ಆಡಿಸಿದರು. "ಎಲ್ಲ ಒಂದೇ ಪಾತ್ರೆಯಲ್ಲಿ ಬೇಯಿಸ್ತಾರೆ. ತಳ ಹಿಡಿದರೆ ಎಲ್ಲದಕ್ಕೂ ಹಿಡೀತದೆ." ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಆದರೆ ಪತ್ರ ಬರೆಯುವ, ರಶೀದಿ ಕೊಡುವ ಆಫೀಸಿಗೆ ಕಂಪ್ಯೂಟರಿನಲ್ಲಿ ಆಟ ಆಡುವ ಹುಡುಗರಿಗೆ ಬೇಕಾದ ಕಾರ್ಡು ಯಾಕೆ? ಇಂದಿಗೂ ನನ್ನ ಸಲಹೆ ಅದೇ. ಆಫೀಸಿಗೆ ಅಗ್ಗದ ಬೋರ್ಡ್ ಸಾಕು, ಉಳಿದ ಹಣದಲ್ಲಿ ರ‍್ಯಾಮ್ ಹಾಕಿಸಿ, ಒಳ್ಳೆಯ ಯು.ಪಿ.ಎಸ್. ಇಡಿಸಿ. ಮುಂದೆ ಬೇರೆ ಕಾರ್ಡು ಹಾಕಲು ಜಾಗ ಉಂಟೋ ಇಲ್ಲವೋ ಎಂದು ಮೊದಲೇ ನೋಡಿ, ಇಲ್ಲದಿದ್ದರೆ ಗಿರಾಕಿಗೆ ಬಾಯಿ ಬಿಟ್ಟು ಹೇಳಿ. ಮಳೆಗಾಲದಲ್ಲಿ ಗುಡುಗು ಕೇಳಿದ ತಕ್ಷಣ ಪ್ಲಗ್ ಕೀಳಲು ಕಲಿಸಿ, ಟೆಲಿಫೋನ್ ವಯರ್ ಸಮೇತ. ಎರಡು ಸಾವಿರದ ನಂತರದ ವರ್ಷಗಳಲ್ಲಿ ಬೋರ್ಡಿನ ಮೇಲಿನ ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಗಳು ಉಬ್ಬಿ ಸೋರಲು ತೊಡಗಿದ್ದವು. ಹಳೆಯ ಬೋರ್ಡ್ ಕೊಳ್ಳುವಾಗ ಅವುಗಳ ತಲೆ ಸಪಾಟಾಗಿದೆಯೋ ಎಂದು ಬೆರಳಾಡಿಸಿ ನೋಡಿ.

ಆದರೆ ಒಳಗಿರುವ ಡಿಸ್‌ಪ್ಲೇ ತನ್ನ ಕೆಲಸಕ್ಕೆ ಬೇಕಾದ ಮೆಮೊರಿಯನ್ನು ಎಲ್ಲಿಂದ ತರುತ್ತದೆ? ಬೇರೆ ಕಾರ್ಡಾದರೆ ತನ್ನದನ್ನು ತಾನೇ ತರುತ್ತದೆ. ಇದು ಕಂಪ್ಯೂಟರಿನ ರ‍್ಯಾಮಿನಿಂದಲೇ ತೆಗೆದುಕೊಳ್ಳುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದ ತಪ್ಪನ್ನು ಈಗ ಹೇಳುತ್ತೇನೆ.

ಬೆಳ್ತಂಗಡಿಯಲ್ಲಿ ಶ್ರೀಪತಿ ರಾಯರು ಎಂಬ ವಕೀಲರಿದ್ದರು. ಕ್ರಯಪತ್ರ, ವಿಭಾಗಪತ್ರ, ವೀಲುನಾಮೆ ಇವೇ ಹೆಚ್ಚಿನ ಕೆಲಸ. ಅವರ ಟೈಪಿಸ್ಟ್ ಲೀಲಾವತಿ, ನಮಗೆಲ್ಲ ಲೀಲಕ್ಕ. ಇಪ್ಪತ್ತು ವರ್ಷಕ್ಕೂ ಮೀರಿ ಅದೇ ಮೇಜು. ಗಂಡ ಮುಂಬಯಿಯ ಹೋಟೆಲ್ ಕೆಲಸ ಬಿಟ್ಟು ಎದೆ ಕೆಡಿಸಿಕೊಂಡು ಮನೆಗೆ ಬಂದಿದ್ದರು, ಇಬ್ಬರು ಹೆಣ್ಣುಮಕ್ಕಳು ಹೈಸ್ಕೂಲಿನಲ್ಲಿದ್ದರು. ಮನೆ ನಡೆಯುತ್ತಿದ್ದುದು ಲೀಲಕ್ಕನ ಹತ್ತು ಬೆರಳಿನಿಂದ. ನಾನು ರಿಬ್ಬನ್ ಕೊಡಲು ಹೋದಾಗ ಅವರು ಕೈ ನಿಲ್ಲಿಸುತ್ತಿರಲಿಲ್ಲ. ಕಣ್ಣು ಕರಡಿನ ಮೇಲೆ, ಕೈ ಕೀಲಿಗಳ ಮೇಲೆ, ಮಾತು ನನ್ನ ಜೊತೆ. "ಕಳೆದ ಸಲದ ರಿಬ್ಬನ್ ನೀರಾಗಿತ್ತು ಹಮೀದ್ರೇ. ಶಾಯಿ ನೀವೇ ಕುಡಿದಿರಾ?"

ಎರಡು ಸಾವಿರದ ಆಸುಪಾಸಿನಲ್ಲಿ ರಾಯರು ಕಂಪ್ಯೂಟರ್ ತೆಗೆಯಲು ಹೊರಟರು. ನನ್ನನ್ನೇ ಕರೆದರು. ಅವರ ಭಾವ ಮೂಡಬಿದ್ರೆಯಲ್ಲಿ ಒಂದು ಶಾಲೆಯ ಆಡಳಿತ ನೋಡುತ್ತಿದ್ದರು. ರಾಯರ ಮೆಷಿನ್ ಚೆನ್ನಾಗಿ ಓಡಿದರೆ ಶಾಲೆಗೆ ಆರು ಬೇಕು ಎಂಬ ಆಸೆ ತೋರಿಸಿದ್ದರು. ಹಾಗಾಗಿ ಚೌಕಾಸಿಯಲ್ಲಿ ನಾನು ಸ್ವಲ್ಪ ಧಾರಾಳಿಯಾದೆ.

"ನನ್ನ ಅಳಿಯನ ಕಂಪ್ಯೂಟರಿಗೆ ಡಿಸ್‌ಪ್ಲೇ ಕಾರ್ಡ್ ಬೇರೆಯೇ ಉಂಟಂತೆ. ಹದಿನಾರು ಎಂ.ಬಿ.ಯದ್ದಂತೆ. ನಿಮ್ಮದರಲ್ಲಿ?" ಎಂದರು ರಾಯರು.

"ಒಳಗೇ ಉಂಟು ಸಾರ್."

"ಎಷ್ಟರದ್ದು?"

ಎಂಟು ಎಂದು ಹೇಳಬೇಕಿತ್ತು. ಟೈಪ್ ಮಾಡುವ ಆಫೀಸಿಗೆ ಎಂಟು ಧಾರಾಳ. ಆದರೆ ಎದುರಿನವನು ಹದಿನಾರು ಎಂದಾಗ ಎಂಟು ಎಂದರೆ ಸೋತಂತೆ. "ನಿಮಗೆ ಮೂವತ್ತೆರಡು ಕೊಡ್ತೇನೆ ಸಾರ್. ಅದಕ್ಕೆ ಬೇರೆ ಹಣ ಬೇಡ" ಎಂದೆ. ರಾಯರ ಮುಖ ಅರಳಿತು. ಕೊಟೇಶನ್ನಿನಲ್ಲಿ ಮೂವತ್ತೆರಡು ಎಂ.ಬಿ. ಡಿಸ್‌ಪ್ಲೇ ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಕಂಪ್ಯೂಟರ್ ಶುರುವಾಗುವಾಗ ಒಳಗೆ ಹೋಗಿ, ಬಯೋಸ್ ಎಂಬ ಪುಟದಲ್ಲಿ ಎಂಟು ಇದ್ದ ಕಡೆ ಮೂವತ್ತೆರಡು ಮಾಡಿದೆ. ಅಷ್ಟೇ ಕೆಲಸ. ನಾನು ಹಾಕಿದ್ದ ಒಟ್ಟು ರ‍್ಯಾಮ್ ಅರವತ್ತನಾಲ್ಕು. ಅರ್ಧವನ್ನು ಪರದೆಗೆ ಕೊಟ್ಟುಬಿಟ್ಟಿದ್ದೆ. ಉಳಿದ ಅರ್ಧದಲ್ಲಿ ವಿಂಡೋಸ್, ವೈರಸ್ ಕಾವಲು, ಕನ್ನಡದ ಸಾಫ್ಟ್‌ವೇರ್, ಎಲ್ಲ ಉಸಿರಾಡಬೇಕು.

ಅದೇ ಹುರುಪಿನಲ್ಲಿ ಸಿದ್ಧಕಟ್ಟೆ, ಮೂಡಬಿದ್ರೆ ಕಡೆಯೂ ನಾಲ್ಕೈದು ಮೆಷಿನ್ನುಗಳನ್ನು ಇದೇ ಮೂವತ್ತೆರಡರ ಹೆಸರಿನಲ್ಲಿ ಮಾರಿದೆ.

ಲೀಲಕ್ಕ ಹೆದರಲಿಲ್ಲ. ಟೈಪ್‌ರೈಟರಿನದೇ ಕೀಲಿಗಳ ಜೋಡಣೆ ಕನ್ನಡದ ಸಾಫ್ಟ್‌ವೇರಿನಲ್ಲೂ ಇತ್ತು. ಒಂದು ವಾರದಲ್ಲಿ ಕೈ ಕುದುರಿತು. ಆದರೆ ತಿಂಗಳೊಳಗೆ ರಾಯರ ಫೋನ್ ಬಂತು. "ಅಕ್ಷರ ನುಂಗಿ ಹೋಗ್ತದೆ ಮಾರಾಯ್ರೇ. ಇಷ್ಟು ವರ್ಷ ಒಂದು ತಪ್ಪು ಮಾಡದ ಹೆಂಗಸು ಈಗ ಪುಟಕ್ಕೆ ಹತ್ತು ತಪ್ಪು ಮಾಡ್ತಾಳೆ. ಮೆಷಿನ್ನಿನದ್ದಾ, ಅವಳದ್ದಾ, ಬಂದು ನೋಡಿ."

ಹೋದೆ. ಲೀಲಕ್ಕನನ್ನು ಕುರ್ಚಿಯಿಂದ ಎಬ್ಬಿಸಿ ನಾನು ಕೂತೆ. ಎರಡು ಬೆರಳಿನಲ್ಲಿ ಅರ್ಧ ಪುಟ ಹೊಡೆದೆ. ಒಂದು ಅಕ್ಷರವೂ ತಪ್ಪಲಿಲ್ಲ. ರಾಯರೂ ಕೂತು ಒಂದೇ ಬೆರಳಿನಲ್ಲಿ ತಮ್ಮ ಹೆಸರು, ಪದವಿ, ಊರು ಹೊಡೆದರು. ಸರಿಯಾಗಿ ಬಂತು.

"ನಾನು ಹೊಡೆಯುವಾಗ ಮಾತ್ರ ಹಾಗಾಗ್ತದೆ ಸಾರ್. ಮೆಷಿನ್ನಿನಲ್ಲೇ ಏನೋ ಉಂಟು" ಎಂದರು ಲೀಲಕ್ಕ, ಗೋಡೆಗೆ ಒರಗಿ ನಿಂತು.

ರಾಯರು ನನ್ನ ಮುಖ ನೋಡಿದರು. ನಾನು ಹೇಳಿದ ಮಾತು ಇದು: "ಮೆಷಿನ್ ಗಟ್ಟಿ ಉಂಟು ಸಾರ್. ಲೀಲಕ್ಕನಿಗೆ ಹಳೆ ಕೈ ಅಲ್ವಾ, ಇದಕ್ಕೆ ಕೂರ್ಲಿಕ್ಕೆ ಸ್ವಲ್ಪ ಸಮಯ ಬೇಕು."

ಹೊಸಬರೇ, ಇಂಥ ಮಾತನ್ನು ಬಾಯಿಂದ ಬಿಡುವ ಮೊದಲು ಹತ್ತು ಸಲ ಯೋಚಿಸಿ. ಗಿರಾಕಿಗೆ ನೀವು ಡಾಕ್ಟರ ಹಾಗೆ. ನೀವು ಹೇಳಿದ್ದೇ ಕೊನೆ. ನಾನು ನನ್ನ ಆರು ಮೆಷಿನ್ನಿನ ಆರ್ಡರ್ ಕಾಯುತ್ತಿದ್ದೆ. ಆ ಮಾತು ಲೀಲಕ್ಕನ ಅನ್ನದ ಮೇಲೆ ಹೋಗಿ ಕೂತಿತು.

ಅಲ್ಲಿಂದ ಮುಂದೆ ಲೀಲಕ್ಕ ಪ್ರತಿ ಪುಟವನ್ನು ಕರಡಿನ ಜೊತೆ ಹೋಲಿಸಿ, ತಿದ್ದಿ ಕೊಡಲು ಶುರುಮಾಡಿದರು. ಹಾಗಾಗಿ ಕೆಲಸ ಹಿಂದೆ ಬಿತ್ತು. ಒಂದು ದಿನ ನಾರಾವಿ ಕಡೆಯವರ ಕ್ರಯಪತ್ರ. ಕೊಡುವವರು, ಕೊಳ್ಳುವವರು, ಸಾಕ್ಷಿಗಳು, ಒಂದು ಜೀಪಿನ ತುಂಬ ಜನ ಬಂದು ಆಫೀಸಿನ ಮೆಟ್ಟಿಲ ಮೇಲೆ ನಿಂತು, ಆಯಿತಾ, ಆಯಿತಾ ಎಂದು ಕೇಳುತ್ತಿದ್ದರು. ಹೋಲಿಸಲು ಹೊತ್ತು ಸಿಗಲಿಲ್ಲ. ಜಾಗದ ಸರ್ವೆ ನಂಬರಿನಲ್ಲಿ ಮೂರು ಅಂಕೆಯ ಬದಲು ಎರಡೇ ಇತ್ತು. ನೋಂದಣಿ ಕಚೇರಿಯಲ್ಲಿ ಪತ್ರ ತಿರುಗಿ ಬಂತು. ಅದೃಷ್ಟಕ್ಕೆ ಅಲ್ಲಿ ಕಣ್ಣಿಗೆ ಬಿತ್ತು. ಬೀಳದಿದ್ದರೆ ಯಾರದೋ ಜಾಗ ಯಾರಿಗೋ ಹೋಗುತ್ತಿತ್ತು. ಜೀಪು ಬಂದ ಹಾಗೇ ನಾರಾವಿಗೆ ಹಿಂತಿರುಗಿತು. ರಾಯರು ಅಂದೇ ನಿಶ್ಚಯ ಮಾಡಿದರು. ಮೂಡಬಿದ್ರೆಯಲ್ಲಿ ಕಂಪ್ಯೂಟರ್ ಕ್ಲಾಸು ಮುಗಿಸಿದ ಒಬ್ಬ ಹುಡುಗಿಗೆ ಸೋಮವಾರದಿಂದ ಬಾ ಎಂದು ಹೇಳಿಕಳಿಸಿದರು. ಲೀಲಕ್ಕನಿಗೆ ಶನಿವಾರದವರೆಗೆ ಕೆಲಸ.

ಗುರುವಾರ ಮಧ್ಯಾಹ್ನ ಲೀಲಕ್ಕ ನನ್ನ ಅಂಗಡಿಗೆ ಬಂದರು. ಬೆಳ್ತಂಗಡಿಯಿಂದ ಬಿ.ಸಿ.ರೋಡಿಗೆ ನನ್ನನ್ನು ಹುಡುಕಿಕೊಂಡು ಬಂದದ್ದು ಅದೇ ಮೊದಲು. ಕೈಯಲ್ಲಿ ಕೊಡೆ, ಒಂದು ರಟ್ಟಿನ ಫೈಲು.

"ಕೂತ್ಕೊಳ್ಳಿ ಲೀಲಕ್ಕ, ಚಾ ಹೇಳ್ತೇನೆ."

"ಚಾ ಬೇಡ. ನೀವು ನನಗೆ ಎಷ್ಟು ವರ್ಷ ರಿಬ್ಬನ್ ಮಾರಿದ್ದೀರಿ?"

"ಹತ್ತು ವರ್ಷ ಆಗಿರಬಹುದು."

"ನನ್ನ ಕೈ ಕೂರಲಿಲ್ಲ ಅಂತ ಹೇಳಿದಿರಲ್ಲ, ಆ ಹತ್ತು ವರ್ಷದಲ್ಲಿ ಒಂದು ದಿನ ಆದರೂ ನನ್ನ ಕೈ ತಪ್ಪಿದ್ದು ನೋಡಿದ್ದೀರಾ?" ಸ್ವರ ಏರಿರಲಿಲ್ಲ. "ನೀವು ನೋಡಿದ್ದು ನೀವು ಹೊಡೆದದ್ದನ್ನು. ಸಾರ್ ನೋಡಿದ್ದು ಸಾರ್ ಹೊಡೆದದ್ದನ್ನು. ನಾನು ಹೊಡೆಯುವಾಗ ಯಾರೂ ನೋಡಲಿಲ್ಲ. ಇವತ್ತು ನೋಡಿ. ಆಮೇಲೂ ನನ್ನದೇ ತಪ್ಪು ಅಂತ ಕಂಡರೆ ಬಾಯಿಬಿಟ್ಟು ಹೇಳಿ, ನಾನು ಬೀಡಿ ಕಟ್ಟಲಿಕ್ಕೆ ಕೂರ್ತೇನೆ."

ಶಾಲೆಗೆ ತೋರಿಸಲೆಂದು ರಾಯರದ್ದರ ಹಾಗೆಯೇ ಒಂದು ಮೆಷಿನ್ ಜೋಡಿಸಿಟ್ಟಿದ್ದೆ. ಅದೇ ಬೋರ್ಡು, ಅದೇ ರ‍್ಯಾಮು, ಅದೇ ಮೂವತ್ತೆರಡು. ಅದರ ಮುಂದೆ ಕೂರಿಸಿದೆ. ಲೀಲಕ್ಕ ಕೊಡೆಯನ್ನು ಕುರ್ಚಿಗೆ ಸಿಕ್ಕಿಸಿ, ಫೈಲು ಎಡಕ್ಕಿಟ್ಟು, ಪರದೆಯ ಕಡೆ ನೋಡದೆ ಶುರುಮಾಡಿದರು.

ನಾನು ಅವರ ಬೆರಳುಗಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಆವತ್ತೇ. ಅಕ್ಕಿ ಆರಿಸುವಾಗ ಬೆರಳು ಹೋಗುವ ಹಾಗೆ, ಇಲ್ಲಿ ಮುಟ್ಟಿದೆಯೋ ಇಲ್ಲವೋ ಎನ್ನುವಷ್ಟರಲ್ಲಿ ಅಲ್ಲಿ. ಪರದೆಯಲ್ಲಿ ಅಕ್ಷರಗಳು ಮಾತ್ರ ಹಿಂದೆ ಉಳಿದಿದ್ದವು. ಅವರು ಒಂದು ಸಾಲು ಮುಗಿಸುವಾಗ ಪರದೆ ಅರ್ಧ ಸಾಲಿನಲ್ಲಿತ್ತು. ಕಂಪ್ಯೂಟರ್ ಡಬ್ಬಿಯ ಮುಂದೆ, ಹಾರ್ಡ್‌ಡಿಸ್ಕ್ ಓಡುವಾಗ ಹೊತ್ತುವ ಕೆಂಪು ದೀಪ ಎಡೆಬಿಡದೆ ಮಿಣುಕುತ್ತಿತ್ತು. ಆಗ ಒಳಗಿನಿಂದ ಸಣ್ಣಗೆ, ಟಿಕ್. ಸ್ವಲ್ಪ ಬಿಟ್ಟು ಮತ್ತೆ, ಟಿಕ್, ಟಿಕ್.

"ನಿಲ್ಲಿಸಿ ಲೀಲಕ್ಕ. ಈ ಶಬ್ದ ಅಲ್ಲೂ ಬರ್ತದಾ?"

"ಬರ್ತದೆ. ಬೆಲ್ ಅಲ್ವಾ ಅದು?"

"ಯಾವ ಬೆಲ್?"

"ಟೈಪ್‌ರೈಟರಿನಲ್ಲಿ ಸಾಲು ಮುಗಿಯುವಾಗ ಬೆಲ್ ಹೊಡೀತಿತ್ತಲ್ಲ. ಇದಕ್ಕೂ ಹಾಗೆ ಒಂದು ಇಟ್ಟಿದ್ದಾರೆ ಅಂತ ತಿಳಿದಿದ್ದೆ. ಸಾರಿಗೂ ಆ ಬೆಲ್ ಕೇಳಿ ಕೇಳಿ ಅಭ್ಯಾಸ. ಅವರೂ ಏನೂ ಹೇಳಲಿಲ್ಲ."

ಅದು ಬೆಲ್ ಆಗಿರಲಿಲ್ಲ. ಅದು ಕಂಪ್ಯೂಟರ್ ಕೈಮುಗಿದು, ಸಾಕು, ಇನ್ನು ಹಿಡಿಯಲು ಜಾಗವಿಲ್ಲ ಎನ್ನುವ ಶಬ್ದ. ಕನ್ನಡದ ಸಾಫ್ಟ್‌ವೇರ್ ಪ್ರತಿಯೊಂದು ಕೀಲಿಯನ್ನೂ ಹಿಡಿದು, ಇದಕ್ಕೆ ಕೊಂಬೋ ಒತ್ತೋ ಎಂದು ನೋಡಿ ಮುಂದೆ ಕಳಿಸುತ್ತದೆ. ರ‍್ಯಾಮ್ ಸಾಲದೆ ಮೆಷಿನ್ ಗಳಿಗೆಗೊಮ್ಮೆ ಜಾಗ ಹುಡುಕಿಕೊಂಡು ಹಾರ್ಡ್‌ಡಿಸ್ಕಿಗೆ ಓಡಿದರೆ ಕೀಲಿಗಳು ಸಾಲಾಗಿ ಕಾಯುತ್ತವೆ. ಸಾಲು ತುಂಬಿತೋ, ಆಮೇಲೆ ಬಂದದ್ದು ಟಿಕ್ ಎಂದು ಬಿದ್ದುಹೋಗುತ್ತದೆ. ನನ್ನ ಎರಡು ಬೆರಳಿಗೂ ರಾಯರ ಒಂದು ಬೆರಳಿಗೂ ಆ ಸಾಲು ತುಂಬುವುದೇ ಇಲ್ಲ. ನಾನು ಸುತ್ತುವ ಮೂರೂ ಊರಿನಲ್ಲಿ ಅದನ್ನು ತುಂಬಿಸಬಲ್ಲ ವೇಗ ಇದ್ದುದು ಲೀಲಕ್ಕನಂಥ ನಾಲ್ಕೈದು ಮಂದಿಗೆ. ಕೆಲಸದಲ್ಲಿ ಎಲ್ಲರಿಗಿಂತ ಮುಂದಿದ್ದವರನ್ನೇ ನಾನು ಕೆಲಸ ಬಾರದವರನ್ನಾಗಿ ಮಾಡಿದ್ದೆ.

ಮೆಷಿನ್ ಆರಿಸಿ ಹೊತ್ತಿಸಿ, ಬಯೋಸಿಗೆ ಹೋಗಿ ಮೂವತ್ತೆರಡನ್ನು ಎಂಟು ಮಾಡಿದೆ. ಪರದೆಯ ಬಣ್ಣವನ್ನೂ ಒಂದು ಮೆಟ್ಟಿಲು ಇಳಿಸಿದೆ. "ಈಗ ಹೊಡೀರಿ."

ಅದೇ ಕ್ರಯಪತ್ರ, ಅದೇ ವೇಗ. ಅಕ್ಷರಗಳು ಬೆರಳಿನ ಹಿಂದೆಯೇ ಬಂದವು. ಕೆಂಪು ದೀಪ ಸುಮ್ಮನಿತ್ತು. ಎರಡು ಪುಟ ಮುಗಿಸಿ ಲೀಲಕ್ಕ ಪರದೆ ನೋಡಿದರು. ಕರಡು ನೋಡಿದರು. ಮತ್ತೆ ಪರದೆ. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಬಹಳ ಹೊತ್ತು ಒರೆಸಿದರು.

"ಎಂತ ಮಾಡಿದಿರಿ?"

"ನಾನು ಮೊದಲು ಮಾಡಿದ್ದನ್ನು ತೆಗೆದೆ" ಎಂದೆ.

ಈಗ ನನ್ನ ಒಳಗಿನ ವ್ಯಾಪಾರಿ ಏನು ಹೇಳಿದ ಎಂಬುದನ್ನೂ ಬರೆಯಬೇಕು. ನಾಳೆ ಬೆಳ್ತಂಗಡಿಗೆ ಹೋಗು, ಸರ್ವಿಸ್ ಮಾಡಿದೆ ಎಂದು ಹೇಳು, ಯಾರಿಗೂ ಕಾಣದ ಹಾಗೆ ಮೂವತ್ತೆರಡನ್ನು ಎಂಟು ಮಾಡಿ ಬಾ. ಮೆಷಿನ್ನೂ ಸರಿ, ಶಾಲೆಯ ಆರ್ಡರೂ ಸರಿ. ಆದರೆ ಸರ್ವಿಸ್ ಎಂದರೆ ರಾಯರಿಗೆ ಲೀಲಕ್ಕನ ಮೇಲಿನ ಸಂಶಯ ಹೋಗುವುದಿಲ್ಲ. ಸೋಮವಾರ ಹುಡುಗಿ ಬಂದೇ ಬರುತ್ತಾಳೆ. ನನ್ನ ಬಾಯಿಂದ ಹೋದ ಮಾತನ್ನು ನನ್ನ ಬಾಯಿಂದಲೇ ತರಬೇಕಿತ್ತು.

ಶುಕ್ರವಾರ ಬೆಳಿಗ್ಗೆಯ ಮೊದಲ ಬಸ್ಸಿಗೆ ಹೋದೆ. ರಾಯರು ಆಗಷ್ಟೇ ಬಂದು ಕೋಟು ಮೊಳೆಗೆ ಸಿಕ್ಕಿಸುತ್ತಿದ್ದರು. ಲೀಲಕ್ಕ ತಮ್ಮ ಮೇಜಿನಲ್ಲಿದ್ದರು.

"ಸಾರ್, ತಪ್ಪು ಲೀಲಕ್ಕನದ್ದಲ್ಲ. ಮೆಷಿನ್ನಿನದ್ದೂ ಅಲ್ಲ. ನನ್ನದು."

ಎಲ್ಲ ಹೇಳಿದೆ. ಕೊಟೇಶನ್ನಿನ ದಪ್ಪ ಅಕ್ಷರದಿಂದ ಟಿಕ್ ಶಬ್ದದವರೆಗೆ. ರಾಯರು ಕಣ್ಣು ಮುಚ್ಚಿ ಕೇಳಿದರು. ಸಾಕ್ಷಿ ಹೇಳುವವರನ್ನು ಕೇಳುವಾಗಲೂ ಅವರು ಹಾಗೆಯೇ.

"ಅಂದರೆ ನೀವು ನನಗೆ ಫ್ರೀ ಕೊಟ್ಟ ಮೂವತ್ತೆರಡು ನನ್ನದೇ ಅರವತ್ತನಾಲ್ಕರಿಂದ ತೆಗೆದದ್ದು."

"ಹೌದು ಸಾರ್."

"ಭಾರೀ ಧಾರಾಳಿ ನೀವು." ಕಣ್ಣು ತೆರೆದರು. "ಶಾಲೆಯ ಭಾವನಿಗೆ ಎಂತ ಹೇಳಲಿ?"

"ನಡೆದದ್ದು ಹೇಳಿ."

ಆ ಆರ್ಡರ್ ನನಗೆ ಸಿಗಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಉಳಿದ ಗಿರಾಕಿಗಳ ಕಡೆ ಹೋಗಿ ಮೂವತ್ತೆರಡನ್ನು ಇಳಿಸುವಾಗಲೂ ಸಿದ್ಧಕಟ್ಟೆಯ ಒಬ್ಬರು ಜಗಳಕ್ಕೇ ನಿಂತರು. "ಕೊಟ್ಟದ್ದನ್ನು ಹಿಂದೆ ತೆಗೀತೀರಾ? ಮರ್ಯಾದೆ ಉಂಟಾ?" ಎಂದು ಕೇಳಿ, ಇಳಿಸಲು ಬಿಡಲೇ ಇಲ್ಲ. ಅವರ ಮೆಷಿನ್ ತೆವಳುತ್ತಲೇ ಮುದಿಯಾಯಿತು.

ರಾಯರ ಮೆಷಿನ್ನಿನಲ್ಲಿ ಎಂಟು ಮಾಡಿ ಎದ್ದೆ. ರಾಯರು ನನ್ನ ಮಾತನ್ನು ಹಾಗೆಯೇ ನಂಬುವ ವಕೀಲರಲ್ಲ. ನಾರಾವಿಯವರ ಕರಡನ್ನು ಕೈಗೆತ್ತಿಕೊಂಡು, ಬೇಕೆಂದೇ ಒಂದೇ ಉಸಿರಿಗೆ ಓದತೊಡಗಿದರು. ಜಾಗದ ನಾಲ್ಕು ಗಡಿ ಹೇಳುವ ಚೆಕ್ಕುಬಂದಿ, ಸರ್ವೆ ನಂಬರು, ಅಂಕೆಗಳ ಮೇಲೆ ಅಂಕೆ. ಲೀಲಕ್ಕ ಗೋಡೆಯ ಕ್ಯಾಲೆಂಡರ್ ನೋಡುತ್ತ ಹೊಡೆದರು. ಮೂರನೆಯ ಪುಟಕ್ಕೆ ರಾಯರಿಗೇ ಏದುಸಿರು ಬಂತು. ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಕೂತರು. ಪೆನ್ಸಿಲ್ ಎಲ್ಲಿಯೂ ಇಳಿಯಲಿಲ್ಲ.

"ಮೆಷಿನ್ನಿನಲ್ಲಿ ಏನೋ ಉಂಟು ಅಂತ ನೀನು ಗಟ್ಟಿಯಾಗಿ ಹೇಳಬಾರದಿತ್ತಾ ಲೀಲಾವತಿ?"

"ಹೇಳಿದ್ದೆ ಸಾರ್. ನೀವು ಹಮೀದ್ರನ್ನು ಕೇಳಿದಿರಿ."

ರಾಯರು ಪೆನ್ಸಿಲನ್ನು ಮೇಜಿನ ಮೇಲೆ ಅಡ್ಡ ಇಟ್ಟರು, ಉದ್ದ ಇಟ್ಟರು. ನಾನು ಕ್ಯಾಲೆಂಡರಿನ ಕಡೆ ಮುಖ ಮಾಡಿದೆ. ಕೊನೆಗೆ ರಾಯರು ಫೋನಿನ ಪಕ್ಕದ ಡೈರಿಯನ್ನು ಲೀಲಕ್ಕನ ಕಡೆ ತಳ್ಳಿ, "ಆ ಮೂಡಬಿದ್ರೆಯ ಹುಡುಗಿಯ ನಂಬರ್ ಅದರಲ್ಲಿ ಉಂಟು. ಸೋಮವಾರ ಬರುವುದು ಬೇಡ ಅಂತ ಒಂದು ಫೋನ್ ಮಾಡಿಬಿಡು" ಎಂದರು.

ಲೀಲಕ್ಕ ಡೈರಿ ತೆರೆದು ನಂಬರ್ ಹುಡುಕಿದರು. ಪುಟ ಮಡಿಚಿ, ರಾಯರ ಎದುರಿಗೇ ತಿರುಗಿಸಿ ಇಟ್ಟರು.

"ನೀವೇ ಮಾಡಿ ಸಾರ್. ಕರೆದದ್ದು ನೀವು. ಆ ಮಗುವಿಗೂ ಯಾಕೆ ಬೇಡ ಅಂತ ಸರಿಯಾಗಿ ಹೇಳಿ, ಅವಳದ್ದೇ ಏನೋ ತಪ್ಪು ಅಂತ ತಿಳಿಯಬಾರದು."

ರಾಯರು ಕನ್ನಡಕ ಏರಿಸಿ ಫೋನ್ ಎತ್ತಿಕೊಂಡರು. ಲೀಲಕ್ಕ ಮುಂದಿನ ಕರಡನ್ನು ಎಡಕ್ಕಿಟ್ಟುಕೊಂಡು ಹೊಡೆಯಲು ಶುರುಮಾಡಿದರು. ಆ ಕಡೆಯಿಂದ ಹುಡುಗಿ ಹಲೋ ಎಂದದ್ದು ನನಗೂ ಕೇಳಿತು. ಇಪ್ಪತ್ತೈದು ವರ್ಷ ಕೋರ್ಟಿನಲ್ಲಿ ವಾದಿಸಿದ ರಾಯರು ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ, "ನೋಡು ಮಗೂ..." ಎಂದು ನಿಂತರು.